ಮಾರ್ಸ್ಡನ್ ಪಾರ್ಕಿನ ಸಾಕ್ಷಿ

ಪರದೇಶದಲ್ಲಿ ನಾವಿರುವ ಬಡಾವಣೆ ಈ ಮಾರ್ಸ್ಡನ್ ಪಾರ್ಕ್. ಇಲ್ಲಿನ ಶಾಲೆಯಲ್ಲಿ ಮಗಳಿಗೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು. ನಾನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಮಾಟಗಾತಿಯೆಂದು ಹಿಡಿದು ಕೊಂದ ಹೆಂಗಸೊಬ್ಬಳ ವಿರುದ್ಧ ಪಕ್ಕದ ಮನೆಯವಳು ಏನು ಸಾಕ್ಷಿ ಹೇಳಿರಬಹುದು, ಕಲ್ಪಿಸಿ ಬರೆಯಬೇಕು. ಇಂಥದ್ದಕ್ಕೆ ನನ್ನನ್ನು ಕೇಳಬೇಕೆ? ಒಗ್ಗರಣೆ ಹಾಕುತ್ತಲೇ ಶುರು ಹಚ್ಚಿಕೊಂಡೆ.

"ಬರಕೋ. ಆಕಿ ನನ್ನ ಕೂಸಿನ್ನ ನೋಡಿ, ಎಷ್ಟ್ ಗುಂಡಗ ಐತಿ ಅಂದ್ಲು. ಅವತ್ತ ಸಂಜಿಗೆ ಜ್ವರ ಬಂತು. ಆಕಿಗೆ ಮಕ್ಕಳಿಲ್ಲ, ಹೊಟ್ಟಿಕಿಚ್ಚು."

ಸ್ಕಾಟ್ಲೆಂಡಿನವರಿಗೆ ಇರಲಿ ಎಂದು ಹಾಲು ನಿಲ್ಲಿಸಿದ ಆಕಳೊಂದನ್ನೂ ಸೇರಿಸಿದೆ. ಮಗಳು ಪಟಪಟ ಟೈಪ್ ಮಾಡಿದಳು.

ಮುಂದಿನ ವಾರ ಟೀಚರ್ ಅದನ್ನು ಕ್ಲಾಸಿನಲ್ಲಿ ಓದಿಸಿ, ಇಷ್ಟು ನಿಜವೆನಿಸುವ ವಿವರ ಎಲ್ಲಿ ಸಿಕ್ಕಿತು ಎಂದರಂತೆ. "ಮೈ ಮಮ್ ಸೇಸ್ ಇಟ್ ಅಬೌಟ್ ದಿ ಆಂಟಿ ಅಕ್ರಾಸ್ ದಿ ರೋಡ್," ಎಂದಳಂತೆ ನನ್ನ ಕುಲತಿಲಕ.

ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಎದುರು ಮನೆಯ ಆಂಟಿ ಬೆಳಗಾವಿಯವರು, ನನ್ನ ಬಾಣಂತನಕ್ಕೆ ಅಂಟಿನುಂಡಿ ಕಟ್ಟಿಕೊಟ್ಟವರು. ಮಗನಿಗೆ ಆರು ತಿಂಗಳಾದಾಗ ಅವರು ಕೆನ್ನೆ ಹಿಂಡಿ ಹೋದ ಸಂಜೆ ಜ್ವರ ಬಂದದ್ದು ಖರೆ. ಚೈಲ್ಡ್‌ಕೇರಿನ ಅರ್ಧ ಮಕ್ಕಳು ಅದೇ ವಾರ ಜ್ವರದಲ್ಲಿ ಮಲಗಿದ್ದೂ ಖರೆ. ಆದರೂ ನಾನು ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ. ಬೆಂಕಿಗೆ ಹಾಕಿದ್ದೇ ತಡ, ಸ್ಮೋಕ್ ಅಲಾರಂ ಇಡೀ ಬೀದಿಗೆ ಡಂಗುರ ಸಾರಿತು. ಉಳಿದದ್ದನ್ನು, ಅಂದರೆ ದೃಷ್ಟಿ ಯಾರದೆಂಬುದನ್ನು, ನಾನೇ ಇಲ್ಲಿನ ನಮ್ಮವರಿಗೆಲ್ಲ ಹೇಳಿದೆ. ಅಂದಿನಿಂದ ಆಂಟಿಯನ್ನು ಮನೆಗೆ ಕರೆದಿಲ್ಲ. ಬರುವ ಶನಿವಾರ ಮಗನ ಮೊದಲ ಹುಟ್ಟುಹಬ್ಬ. ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ವಾಟ್ಸಾಪ್ ಹೋಗಿತ್ತು.

ಆ ಸಂಜೆಯೇ ಮಗನನ್ನು ಎತ್ತಿಕೊಂಡು ರಸ್ತೆ ದಾಟಿದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಆಂಟಿ ಬಾಗಿಲು ತೆರೆದರು.

"ಶನಿವಾರ ಹುಡುಗನ ಬರ್ತ್‌ಡೇ ಆಂಟಿ. ನೀವು ಬರಾಕಬೇಕ್ರಿ," ಎಂದೆ.

"ಬರ್ತೇನಿ ತಂಗಿ," ಎಂದರು ನಗುತ್ತ.

ಮಗ ಅವರತ್ತ ಜಿಗಿದ. ಆಂಟಿಯ ಕೈಗಳು ಅರ್ಧ ಮುಂದೆ ಬಂದು ಹಿಂದೆ ಹೋದವು. ಅವರು ನನ್ನ ಚಪ್ಪಲಿಗಳನ್ನೇ ನೋಡುತ್ತಿದ್ದರು.

"ಹಿಂದ ಎಲ್ಲೆರೆ ಕುಂದರ್ತೇನಿ," ಎಂದರು. "ಕೂಸಿನ ಕಡೆ ನೋಡಂಗಿಲ್ಲ."