ಮೇಕಪ್ ಮೇಸ್ತ್ರಿಯ ಮನೆ ಮಾರಾಟಕ್ಕಿದೆ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಹೇಳಿದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಮೇಕಪ್ ಮೇಸ್ತ್ರಿ ಎಂದರೆ ಮಕ್ಕಳೂ ಮನೆ ತೋರಿಸುತ್ತಿದ್ದವು. ಮಾರಾಟಕ್ಕಿಟ್ಟ ಹಳೆ ಮನೆಗಳಿಗೆ ಬಣ್ಣ ಬಳಿಯುವುದು ಅವನ ಕಸುಬು. ಬಿರುಕಿಗೆ ಪುಟ್ಟಿ ತುಂಬಿ, ತೇವದ ಕಲೆಯ ಮೇಲೆ ಪ್ರೈಮರ್ ಎಳೆದು, ಎರಡು ಕೋಟ್ ಹೊಡೆದನೆಂದರೆ ಬೀಳುವ ಗೋಡೆಯೂ ಮದುಮಗಳ ಹಾಗೆ ನಿಂತುಬಿಡುತ್ತಿತ್ತು. ಇದು ಮೋಸವಲ್ಲವೇ ಎಂದು ಯಾರಾದರೂ ಕೆಣಕಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ಫೋಟೋ ತೆಗೆಸ್ಕೊಳ್ಳೋಕೆ ಹೋಗುವಾಗ ನೀವು ಮುಖ ತೊಳ್ಕೊಳ್ಳಲ್ವಾ? ಇದೂ ಅಷ್ಟೇ."

ಮನೆಗಳಿಗೆ ರೆಕ್ಕೆ ಬಂದಿದ್ದ ಕಾಲದಲ್ಲಿ ಈ ಮಾತು ನಡೆದುಹೋಯಿತು. ಆಗ ಕೊಳ್ಳುವವರು ಮೆಟ್ಟಿಲ ಮೇಲೆ ನಿಂತೇ ಮುಂಗಡ ಕೊಟ್ಟುಬಿಡುತ್ತಿದ್ದರು. ಒಳಗೆ ಹೋಗಿ ನೋಡುವಷ್ಟರಲ್ಲಿ ಇನ್ನೊಬ್ಬ ಎಗರಿಸಿಕೊಂಡು ಹೋದರೆ ಎಂಬ ಭಯ! ಈಗ ಊರಿನ ಅಂಚಿನಲ್ಲಿ ಹೊಸ ಕಟ್ಟಡಗಳು ಸಾಲುಸಾಲಾಗಿ ಎದ್ದಿವೆ, ಹಳೆ ಬೀದಿಗಳಲ್ಲಿ ಮಾರಾಟದ ಬೋರ್ಡುಗಳು ಬಿಸಿಲಿಗೆ ಬಣ್ಣಗೆಡುತ್ತಿವೆ. ಕೊಳ್ಳುವವರು ಸಾವಕಾಶವಾಗಿ ಬರುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಗೋಡೆ ತಟ್ಟುತ್ತಾರೆ, ಮೂಗರಳಿಸಿ ವಾಸನೆ ನೋಡುತ್ತಾರೆ.

ಇಂಥ ಹೊತ್ತಿನಲ್ಲೇ ಮೇಸ್ತ್ರಿ ತನ್ನ ಮನೆಯನ್ನು ಮಾರಬೇಕಾಗಿ ಬಂತು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೆಂಡತಿಯ ಮೊಣಕಾಲು ಕೈಕೊಟ್ಟಿತ್ತು. ದಿನಕ್ಕೆ ಹತ್ತು ಮನೆ ಸುತ್ತಿ ಬರುತ್ತಿದ್ದ ಹೆಂಗಸು ಈಗ ಆಸ್ಪತ್ರೆಗೆ ಬಿಟ್ಟರೆ ಕೆಳಗಿಳಿಯುತ್ತಿರಲಿಲ್ಲ. ಕಿಟಕಿಯಲ್ಲಿ ಕೂತು ಬೀದಿಯವರ ಜೊತೆ ಕೂಗಿ ಮಾತಾಡುತ್ತಿದ್ದಳು. ಹಿಂದಿನ ಬೀದಿಯಲ್ಲಿ ನಿವೃತ್ತ ನರ್ಸ್ ಒಬ್ಬರ ಪುಟ್ಟ ಮನೆ ಕೊಳ್ಳುವ ಮಾತಾಗಿತ್ತು, ನೆಲಮಹಡಿ, ಬಾಗಿಲು ತೆಗೆದರೆ ಬೀದಿ. "ತಿಂಗಳ ಕೊನೆವರೆಗೆ ಕಾಯ್ತೀನಿ, ಆಮೇಲೆ ನನ್ನನ್ನ ಬೈಕೋಬೇಡಿ" ಎಂದಿದ್ದರು ಅವರು. ಇದು ಮಾರಿದರೆ ಅದು. ಇಲ್ಲದಿದ್ದರೆ ಹೆಂಡತಿಗೆ ಕಿಟಕಿಯೇ ಗತಿ.

ಮೇಸ್ತ್ರಿ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದ. ಬೇರೆ ಕೆಲಸಗಳನ್ನೆಲ್ಲ ಮುಂದಕ್ಕೆ ಹಾಕಿ, ಜೀವಮಾನದಲ್ಲೇ ಹೊಡೆಯದಂಥ ಬಣ್ಣ ಹೊಡೆದ. ಅದೇ ಎಡವಟ್ಟಾಯಿತು. ಬಂದವರು ಮಿರಮಿರನೆ ಮಿಂಚುವ ಗೋಡೆ ನೋಡಿ, ಇದು ಯಾರ ಮನೆಯೆಂದು ಕೆಳಗೆ ವಿಚಾರಿಸಿ, ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಮನೆ ದಲ್ಲಾಳಿಯಾಗಿದ್ದ ಭಾವಮೈದ ತಲೆಯ ಮೇಲೆ ಕೈಹೊತ್ತು ಕೂತ.

"ಭಾವ, ಊರಿಗೆಲ್ಲ ಮೇಕಪ್ ಮಾಡಿದ್ರಿ. ಈಗ ನಿಮ್ಮ ಮನೆ ಮುಖಾನ ಯಾರೂ ನಂಬ್ತಿಲ್ಲ."

"ನನ್ನ ಗೋಡೆ ಗಟ್ಟಿಯಾಗಿದೆ ಕಣೋ!"

"ಅದನ್ನ ನೀವು ಹೇಳಿದ್ರೆ ಇನ್ನೂ ಕಷ್ಟ."

ಒಬ್ಬ ಬಸ್ ಡ್ರೈವರ್ ಮತ್ತವನ ಹೆಂಡತಿ ಮಾತ್ರ ಎರಡು ಸಲ ಬಂದರು. ಮನೆ ಹಿಡಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಡ್ರೈವರನ ಹೆಂಡತಿ ಗೋಡೆಯಿಂದ ಕೈ ತೆಗೆಯಲೊಲ್ಲಳು.

"ಗೋಡೆ ತುಂಬಾ ಚೆನ್ನಾಗಿದೆ. ಅದಕ್ಕೇ ಭಯ ಆಗ್ತಿದೆ," ಎಂದಳು. "ನಮ್ಮಕ್ಕ ತಗೊಂಡಿದ್ದೂ ನೀವು ಬಣ್ಣ ಹೊಡೆದ ಮನೇನೇ. ಮೂಲೆ ಮನೆ, ಹಸಿರು ಗೇಟು. ಮೊದಲ ಮಳೆಗೇ ಗೋಡೆಯೆಲ್ಲ ಚಕ್ಕೆಚಕ್ಕೆಯಾಗಿ ಉದುರ್ತು. ಅವಳ ಮಗೂಗೆ ಇವತ್ತಿಗೂ ಕೆಮ್ಮು."

ಹಸಿರು ಗೇಟು ಮೇಸ್ತ್ರಿಗೆ ಚೆನ್ನಾಗಿ ನೆನಪಿತ್ತು. ಆ ಕೆಲಸ ಮುಗಿದ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಮುಖ ತೊಳೆಯುವ ಮಾತು ಬಾಯಿಗೆ ಬಂತು, ಆಡಲು ನಾಚಿಕೆಯಾಯಿತು. "ಭಾನುವಾರ ಇನ್ನೊಂದ್ಸಲ ಬನ್ನಿ" ಎಂದಷ್ಟೇ ಹೇಳಿದ.

ಮಾರನೆಯ ಬೆಳಿಗ್ಗೆ ಕೆರೆಯುವ ತಗಡು ಹಿಡಿದು ನಿಂತ. "ಹುಚ್ಚು ಹಿಡೀತಾ ಭಾವ?" ಎಂದು ಭಾವಮೈದ ಕೈ ಹಿಡಿದುಕೊಂಡರೂ ಬಿಡಲಿಲ್ಲ. ಹೊಸ ಬಣ್ಣದಡಿಯಿಂದ ಹಳೆಯವು ಹೊರಬಂದವು. ಪೇಂಟರನ ಮನೆಗೆ ಯಾವತ್ತೂ ಊರವರ ಮನೆಯಲ್ಲಿ ಮಿಕ್ಕಿದ್ದೇ: ಹಲ್ಲಿನ ಡಾಕ್ಟರ ಕೋಣೆಯ ತಿಳಿನೀಲಿ, ಶಾಲೆಯ ಹಳದಿ, ಯಾರಿಗೂ ಬೇಡವಾದ ಒಂದು ಬದನೆಕಾಯಿ ಬಣ್ಣ. ಕುರ್ಚಿಯಲ್ಲಿ ಕೂತ ಹೆಂಡತಿ ಒಂದೊಂದನ್ನೂ ಗುರುತು ಹಿಡಿದು ನಗುತ್ತಿದ್ದಳು. ಕೆಳಗಿನ ಗಾರೆ ಗಟ್ಟಿಯಾಗಿಯೇ ಇತ್ತು. ಮೇಸ್ತ್ರಿಯ ಎದೆ ಉಬ್ಬಿತು.

ಕೊನೆಗೆ, ಬಣ್ಣ ಹೊಡೆಯುವಾಗಲೂ ಅಲುಗಿಸದಿದ್ದ ಮಲಗುವ ಕೋಣೆಯ ಬೀರು ಸರಿಸಿ ಕೆರೆದ. ಪುಟ್ಟಿ ಕೈಗೇ ಕಳಚಿ ಬಂತು. ಒಳಗೆ ಕಪ್ಪು ತೇವ, ಬೆರಳು ತೂರುವಷ್ಟು ಬಿರುಕು. ಮೇಸ್ತ್ರಿ ಕಳಚಿದ ಚಕ್ಕೆಯನ್ನು ತಿರುಗಿಸಿ ನೋಡಿದ. ಆ ಪುಟ್ಟಿ ಅವನ ಕೈಯದೇ. ಮನೆ ಕೊಂಡ ಹೊಸದರಲ್ಲಿ, ಹೆಂಡತಿ ಕಂಡರೆ ನೊಂದುಕೊಂಡಾಳೆಂದು ಅವಳು ಬರುವ ಮೊದಲೇ ಮುಚ್ಚಿದ್ದ. ಎಷ್ಟು ಚೆನ್ನಾಗಿ ಮುಚ್ಚಿದ್ದನೆಂದರೆ ತಾನೇ ಮರೆತುಬಿಟ್ಟಿದ್ದ.

"ಬೀರು ಅಲ್ಲೇ ಯಾಕಿಟ್ಟೆ ಅಂದ್ಕೊಂಡ್ರಿ?" ಎಂದಳು ಹೆಂಡತಿ. "ಬಂದ ವರ್ಷಾನೇ ಅಲ್ಲಿ ಬಣ್ಣ ಉಬ್ಬಿತ್ತು. ಅಷ್ಟು ಮುತುವರ್ಜಿಯಿಂದ ಮಾಡಿದ್ರಿ, ನಿಮಗ್ಯಾಕೆ ಬೇಜಾರು ಮಾಡೋದು ಅಂತ ಸುಮ್ಮನಾದೆ."

"ಇಷ್ಟು ವರ್ಷ ಹೇಳಲೇ ಇಲ್ವಲ್ಲ ಮಾರಾಯ್ತಿ!"

"ಈ ಮನೇಲಿ ಮುಚ್ಚಿಡೋ ಕೆಲಸ ನೀವೊಬ್ಬರೇ ಮಾಡಿದ್ದಾ?" ಅವಳು ಮೊಣಕಾಲು ನೀವಿಕೊಂಡಳು. "ಇದೂ ಮೆಟ್ಟಿಲು ಹತ್ತುವಾಗ ಎಷ್ಟೋ ವರ್ಷದಿಂದ ನೋಯ್ತಿತ್ತು. ನೀವು ಕೇಳಿದಾಗೆಲ್ಲ ಏನೂ ಇಲ್ಲ ಅಂತಿದ್ದೆ."

ಮೊದಲೇ ಗೊತ್ತಾಗಿದ್ದರೆ ಗೋಡೆಗೂ ಕಾಲಿಗೂ ಸಣ್ಣದರಲ್ಲೇ ಏನಾದರೂ ಮಾಡಬಹುದಿತ್ತು. ಮೇಸ್ತ್ರಿ ತಗಡು ಕೆಳಗಿಟ್ಟು, ಅವಳ ಎದುರಿಗೆ ಮಂಚದ ಮೇಲೆ ಕೂತ.

ಭಾನುವಾರ ಡ್ರೈವರ್ ದಂಪತಿ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಲೇ ಭಾವಮೈದ, "ಬೀರು ಒಂದನ್ನ ಹಿಂದಕ್ಕೆ ತಳ್ಳಿಬಿಡೋಣ ಭಾವ," ಎಂದು ಪಿಸುಗುಟ್ಟಿದ. ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದವರನ್ನು ನೆಟ್ಟಗೆ ಆ ಮೂಲೆಗೇ ಕರೆದೊಯ್ದ.

"ಬೇರೆ ಕಡೆ ಗಟ್ಟಿಯಾಗಿದೆ, ತಟ್ಟಿ ನೋಡಿ. ಇಲ್ಲಿಲ್ಲ. ಹೊರಗಿನ ಪೈಪಿಂದ ನೀರು ಇಳೀತಿದೆ. ಅದನ್ನ ಬದಲಾಯಿಸದೆ ಮೇಲೆ ಏನು ಬಳಿದರೂ ದಂಡ."

ಡ್ರೈವರನ ಹೆಂಡತಿ ಒಂದು ಗೋಡೆಯನ್ನೂ ಬಿಡದೆ ತಟ್ಟಿದಳು. ಗಂಡ ಹೆಂಡತಿ ಬಾಲ್ಕನಿಗೆ ಹೋಗಿ ಗುಸುಗುಸು ಮಾತಾಡಿಕೊಂಡರು. ಒಳಗೆ ಕುರ್ಚಿಯಲ್ಲಿ ಮೇಸ್ತ್ರಿಯ ಹೆಂಡತಿ ಆ ಕಡೆಗೇ ಕಿವಿಗೊಟ್ಟು ಕೂತಿದ್ದಳು.

"ಪೈಪಿನ ಖರ್ಚು ಬೆಲೆಯಲ್ಲಿ ಬಿಡಿ, ತಗೋತೀವಿ," ಎಂದಳು ಡ್ರೈವರನ ಹೆಂಡತಿ ಒಳಬಂದು. "ಅದು ಸರಿಯಾದ ಮೇಲೆ ಬಣ್ಣ ನೀವೇ ಹೊಡೀಬೇಕು. ಅದಕ್ಕೂ ಮೊದಲು ನಮ್ಮಕ್ಕನ ಮನೇಗೆ ಬಂದು ನೋಡಿ."

"ನಾಳೇನೇ ಬರ್ತೀನಮ್ಮ," ಎಂದ ಮೇಸ್ತ್ರಿ.

ಮನೆ ಬದಲಾಯಿಸಿದ ದಿನ ಹೆಂಡತಿ ತಮ್ಮನ ತೋಳು ಹಿಡಿದು ಕೊನೆಯ ಸಲ ಆ ಮೆಟ್ಟಿಲು ಇಳಿದಳು. ಹೊಸ ಬಾಗಿಲಲ್ಲಿ ಪರಿಚಯದ ಹೆಂಗಸರು ಆಗಲೇ ಮುತ್ತಿಕೊಂಡಿದ್ದರು. ಮೇಸ್ತ್ರಿ ಅಭ್ಯಾಸಬಲದಿಂದ ಗೋಡೆಯ ಮೇಲೆ ಕೈಯಾಡಿಸಿದವನು, ಥಟ್ಟನೆ ತಿರುಗಿದ.

"ಕಾಲು ಹೇಗಿದೆಯೇ?"

"ಏನೂ..." ಎಂದಳು ಅವಳು, ಎಂದಿನಂತೆ ನಗುತ್ತ. ಅಷ್ಟಕ್ಕೇ ನಿಂತು ಅವನ ಮುಖ ನೋಡಿದಳು. "ನೋಯ್ತಿದೆ ರೀ. ತುಂಬಾ ನೋಯ್ತಿದೆ."

ಮೇಸ್ತ್ರಿ ಬೀದಿಗೆ ಮುಖ ಮಾಡಿ ಕುರ್ಚಿ ಹಾಕಿ ಅವಳನ್ನು ಕೂರಿಸಿದ. ಎಲ್ಲರೂ ನೋಡುತ್ತಿದ್ದಂತೆಯೇ ಹೊಸ್ತಿಲ ಮೇಲೆ ಕೂತು, ಅವಳ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ.