ಸಿಡುಬಿನ ಕಲೆ ಇಲ್ಲದ ಮುಖ

ನನ್ನ ಸೋದರಮಾವ ಚುನಾವಣೆಗೆ ನಿಂತಾಗ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಕರಪತ್ರದಲ್ಲಿ ಫೋಟೊ ಇರಲೇಬೇಕು ಎಂದು ಹಟ ಹಿಡಿದವನು ನಾನೇ. ಪಾವಗಡದ ಕಡೆಯ ಹಳ್ಳಿಯಿಂದ ಅವರನ್ನು ಬಸ್ಸಿನಲ್ಲಿ ಮಧುಗಿರಿಯ ಸ್ಟುಡಿಯೊಗೆ ಕರೆತಂದೆ. ಅವರು ಕ್ಯಾಮೆರಾದ ಮುಂದೆ ಕೂತದ್ದು ಅದೇ ಮೊದಲು.

ಮಾವನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಆಗ ಸ್ಟುಡಿಯೊದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಇಂಥ ಕಲೆಗಳನ್ನು ಮುಚ್ಚುತ್ತಿದ್ದರು. ಎಲ್ಲವನ್ನೂ ತೆಗೆದುಬಿಡಿ ಎಂದೆ. ಒಂದೆರಡಾದರೂ ಉಳಿಸೋಣ ಎಂದು ಸ್ಟುಡಿಯೊದವರು ಹೇಳಿದರೆಂದು ನನ್ನ ನೆನಪು. ಹೇಳಿರಲಿಕ್ಕೂ ಇಲ್ಲ, ಆಮೇಲೆ ನಾನೇ ಆ ಮಾತನ್ನು ಅವರ ಬಾಯಿಗೆ ಹಾಕಿರಬಹುದು. ಮಾವ ಸುಮ್ಮನಿದ್ದರು, ಅದು ಮಾತ್ರ ಖಚಿತ.

ಪ್ರಚಾರಕ್ಕೆ ಹೋದಾಗ ತಿರುಮಣಿಯ ಹತ್ತಿರ ಒಬ್ಬ ಮುದುಕಿ ಕರಪತ್ರವನ್ನು ನೋಡಿ, ಮಾವನನ್ನು ನೋಡಿ, ಮತ್ತೆ ಕರಪತ್ರ ನೋಡಿದಳು.

"ಈಯಪ್ಪ ಯಾರು, ನಿನ್ ತಮ್ಮುಡಾ? ಓಟು ನಿಂಗಾ, ಅವ್ನಿಗಾ?"

"ತಮ್ಮನೇ ಕಣಮ್ಮ. ಚೆಂದಾಗವ್ನಲ್ಲ, ಅವ್ನಿಗೇ ಹಾಕು," ಎಂದರು ಮಾವ.

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಅಂದಿನಿಂದ ಮಾವ ಕರಪತ್ರವನ್ನು ತಮ್ಮ ಕೈಯಿಂದ ಯಾರಿಗೂ ಕೊಡಲಿಲ್ಲ. ಸೋತರು. ಸೋಲಿಗೆ ಫೋಟೊ ಕಾರಣವೆನ್ನಲು ನನ್ನ ಬಳಿ ಆಧಾರವಿಲ್ಲ. ಆದರೆ ಅವರು ಮತ್ತೆ ಫೋಟೊಗೆ ಕೂರಲೇ ಇಲ್ಲ. ಮೂರ್ನಾಲ್ಕು ವರ್ಷಕ್ಕೆ ತೀರಿಕೊಂಡರು. ತಿಥಿಯ ದಿನ ಅದೇ ಫೋಟೊಗೆ ಕಟ್ಟು ಹಾಕಿಸಿ ಒಯ್ದೆ. ಅತ್ತೆ ಗೋಡೆಗೆ ಹಾಕಗೊಡಲಿಲ್ಲ.

"ಈ ಮುಖದ ಜೊತೆ ನಾನು ಬಾಳಿಲ್ಲ ಕಣಪ್ಪ," ಎಂದಷ್ಟೇ ಹೇಳಿದರು.

ಅತ್ತೆಯೂ ಈಗಿಲ್ಲ. ಮಾವ ತೀರಿಕೊಂಡಾಗ ಎರಡು ವರ್ಷದವಳಿದ್ದ ಅವರ ಮಗಳು ಈಗ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅಪ್ಪನ ಮುಖ ಅವಳಿಗೆ ನೆನಪಿಲ್ಲ. ಆ ಫೋಟೊಗೆ ಕಂಪ್ಯೂಟರಿನಲ್ಲಿ ಕಲೆಗಳನ್ನು ವಾಪಸು ಕೂರಿಸಬಹುದಂತೆ, ಕಣ್ಣಾರೆ ಕಂಡವನು ಮನೆಯವರಲ್ಲಿ ನೀನೊಬ್ಬನೇ ಉಳಿದಿರೋದು ಎಂದು ಕಳೆದ ತಿಂಗಳು ನನ್ನನ್ನು ಮಧುಗಿರಿಯ ಅಂಗಡಿಯೊಂದಕ್ಕೆ ಕರೆದೊಯ್ದಳು. ಅಂಗಡಿಯವನು ಮೌಸ್ ಹಿಡಿದು ಎಲ್ಲಿ, ಎಷ್ಟು ಎಂದು ಕೇಳುತ್ತ ಹೋದ. ಹಣೆಯಲ್ಲಿ ಎಂದೆ. ಕೆನ್ನೆಯಲ್ಲಿ ಇನ್ನೂ ಆಳವಾಗಿ ಎಂದೆ. ಅಳಿಸಿ ಎಂದೆ. ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಕರಪತ್ರದ ನುಣುಪು ಮುಖವೇ.

ಅವಳು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಸಾಕು ಬುಡು ಬಾವ. ನಿಂಗೂ ಗೊತ್ತಿಲ್ಲ."

ಹಾಕಿದ್ದನ್ನೆಲ್ಲ ತೆಗೆಸಿ, ಫೋಟೊ ಮೊದಲು ಹೇಗಿತ್ತೋ ಹಾಗೇ ಒಂದು ಪ್ರಿಂಟ್ ಮಾಡಿಸಿಕೊಂಡಳು. ಬಸ್‌ಸ್ಟ್ಯಾಂಡಿನವರೆಗೂ ಜೊತೆಯಲ್ಲೇ ನಡೆದೆವು. ಕಲೆಗಳನ್ನು ತೆಗೆಸಿದವನು ನಾನೇ ಎಂದು ಅವಳಿಗೆ ಹೇಳಲಿಲ್ಲ.