ಮಾರ್ಚ್ ತಿಂಗಳ ಸಂಬಳ

ಬಾಳೂರಿನ ಮೇಲಿನ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿ ಲೆಕ್ಕ ಬರೆದ ಮಲ್ಲಿಕಾರ್ಜುನಪ್ಪ ತೀರಿಕೊಂಡಾಗ, ಮಣ್ಣಿಗೆ ಬಂದವರೆಲ್ಲ ಅವರ ಬೋನಸ್ ದಿನದ ಕಾಟವನ್ನೇ ನೆನೆದರು. ದೀಪಾವಳಿ ಬೋನಸ್ ಕೈಗಿಡುವ ಮೊದಲು ಅವರು ಸ್ಟಾಫಿನವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಇಷ್ಟು ತೆರಿಗೆ ಬೀಳುತ್ತದೆ, ಈ ತಿಂಗಳಿಂದಲೇ ಸ್ವಲ್ಪಸ್ವಲ್ಪ ಹಿಡಿಯುತ್ತೇನೆ, ಪೋಸ್ಟಾಫೀಸಿನಲ್ಲಿ ಉಳಿತಾಯ ಪತ್ರ ಕೊಂಡರೆ ಇಷ್ಟು ಇಳಿಯುತ್ತದೆ ಎಂದು ಹೇಳದೆ ಬಿಡುತ್ತಿರಲಿಲ್ಲ.

"ರೈಟ್ರೇ, ಮೊದ್ಲು ಕವರ್ ಕೊಡಿ, ಆಮೇಲೆ ಪುರಾಣ ಓದಿ" ಎಂದು ಹುಡುಗರು ರೇಗಿಸುತ್ತಿದ್ದರು.

"ಪುರಾಣ ಕೇಳ್ದೇ ಇದ್ದೋರಿಗೆ ಪ್ರಸಾದ ಇಲ್ಲ ಮಾರಾಯ" ಎಂದು ಅವರೂ ಅನ್ನುತ್ತಿದ್ದರು.

ಆ ಪುರಾಣ ಶುರುವಾದದ್ದು ತೊಂಬತ್ತೈದರಲ್ಲಿ. ಅದರ ಹಿಂದಿನ ವರ್ಷ ಅವರು ಯಾರಿಗೂ ಏನೂ ಹೇಳಿರಲಿಲ್ಲ.

ತೊಂಬತ್ತನಾಲ್ಕರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿಯ ಬೆಲೆ ಕಂಡು ಕೇಳರಿಯದಷ್ಟು ಏರಿತು. ಸಾಹುಕಾರರು ಖುಷಿಯಲ್ಲಿ ಸ್ಟಾಫಿನವರಿಗೆ ಆರು ತಿಂಗಳ ಸಂಬಳಕ್ಕೂ ಮಿಕ್ಕಿ ಬೋನಸ್ ಕೊಟ್ಟರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ನಿಯಾಜನಿಗೆ ಬಂದದ್ದು ಇಪ್ಪತ್ತನಾಲ್ಕು ಸಾವಿರ. ಬರೀ ಸಂಬಳಕ್ಕೆ ಅವನು ತೆರಿಗೆಯ ಗೆರೆಯಿಂದ ಎಷ್ಟೋ ಕೆಳಗಿದ್ದ. ಬೋನಸ್ಸೂ ಸಂಬಳವೇ ಆದ್ದರಿಂದ ಎರಡೂ ಸೇರಿ ಗೆರೆ ದಾಟಿತು. ಮಲ್ಲಿಕಾರ್ಜುನಪ್ಪನವರಿಗೆ ಇದು ಆ ದಿನವೇ ಗೊತ್ತಿತ್ತು. ನವೆಂಬರಿನಿಂದ ಐದು ತಿಂಗಳು ಹಂಚಿ ಹಿಡಿದಿದ್ದರೆ ತಿಂಗಳಿಗೆ ಐನೂರೂ ಆಗುತ್ತಿರಲಿಲ್ಲ. ಆದರೆ ನೋಟು ಎಣಿಸುತ್ತ ನಿಂತ ನಿಯಾಜನ ಮುಖ ನೋಡಿ ಬಾಯಿ ಬರಲಿಲ್ಲ.

"ಇದ್ರಲ್ಲಿ ಏನೂ ಹಿಡಿಯಲ್ವ ರೈಟ್ರೇ?" ಎಂದು ಅವನೇ ಕೇಳಿದ.

"ಪೂರ್ತಿ ನಿಂದೇ. ತಗೊಂಡು ಹೋಗು."

ಮುಂದಿನ ತಿಂಗಳು ಹೇಳೋಣ ಎಂದುಕೊಂಡರು. ಮುಂದಿನ ತಿಂಗಳು ಕುಯ್ಲು ಶುರುವಾಯಿತು. ಜನವರಿಯಲ್ಲಿ ಒಂದು ಶನಿವಾರ ಮೂಡಿಗೆರೆಗೆ ಹೋಗಿ, ತಮ್ಮ ಹೆಸರಿಗೆ ಉಳಿತಾಯ ಪತ್ರ ಕೊಂಡು, ತಮ್ಮ ಪಾಲಿನ ತೆರಿಗೆಯನ್ನು ಇಲ್ಲವಾಗಿಸಿಕೊಂಡರು. ಆಗಲೂ ಹೇಳಲಿಲ್ಲ.

ಮಾರ್ಚ್ ಮೂರನೇ ವಾರ ಚಿಕ್ಕಮಗಳೂರಿನಿಂದ ಬಂದ ಆಡಿಟರು, ಬೋನಸ್ಸಿಗೆ ತೆರಿಗೆ ಯಾಕೆ ಹಿಡಿದಿಲ್ಲ ಎಂದು ಕೇಳಿದರು. ಉಳಿದಿದ್ದದ್ದು ಒಂದೇ ಸಂಬಳ. ಅದರಲ್ಲೇ ಅಷ್ಟನ್ನೂ ಹಿಡಿಯಬೇಕಾಯಿತು. ಪ್ರಾವಿಡೆಂಟ್ ಫಂಡಿನದೂ ಹೋಗಿ ನಿಯಾಜನ ಕೈಗೆ ಬಂದದ್ದು ಏಳುನೂರ ತೊಂಬತ್ತು ರೂಪಾಯಿ.

"ಇದೆಂಥ ರೈಟ್ರೇ? ಬೇರೆ ಯಾರದೋ ಕವರ್ ಕೊಟ್ರಾ?"

"ಸರ್ಕಾರದ ರೂಲು ಮಾರಾಯ. ಮಾರ್ಚಲ್ಲೇ ಹಿಡಿಯೋದು. ನಾನೇನು ಮಾಡ್ಲಿ?"

ಅವನು ನಂಬಿದ. ಮೂಡಿಗೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಗ್ಯಾರೇಜಿಗೆಂದು ಒಂದು ಮಳಿಗೆ ನೋಡಿ, ಬೋನಸ್ಸಿನಲ್ಲಿ ಇಪ್ಪತ್ತೆರಡು ಸಾವಿರ ಮುಂಗಡ ಕೊಟ್ಟಿದ್ದ. ಉಳಿದ ಎರಡು ಸಾವಿರಕ್ಕೆ ಅವನ ಹೆಂಡತಿ ಮಹಮೂದಾ, ಮಗಳು ಅಮ್ನಾಳಿಗೆ ಕಿವಿಯೋಲೆ ಮಾಡಿಸಿದ್ದಳು. ಮಳಿಗೆಯವನಿಗೆ ಇನ್ನು ಮೂರು ಸಾವಿರ ಮಾರ್ಚ್ ಸಂಬಳದಲ್ಲಿ ಕೊಡುವ ಮಾತಾಗಿತ್ತು. ನಿಯಾಜ್ ಸಾಲ ಕೇಳಲು ಬಂದಾಗ ಮಲ್ಲಿಕಾರ್ಜುನಪ್ಪನವರ ದುಡ್ಡೆಲ್ಲ ಆರು ವರ್ಷದ ಪತ್ರದಲ್ಲಿ ಸಿಕ್ಕಿಬಿದ್ದಿತ್ತು. ಅವನ ಪರವಾಗಿ ಸಾಹುಕಾರರ ಹತ್ತಿರ ಅಡ್ವಾನ್ಸ್ ಕೇಳಬಹುದಿತ್ತು. ಹಾಗೆ ಕೇಳಿದರೆ ನವೆಂಬರಿನ ವಿಷಯವೂ ಹೊರಬರುತ್ತಿತ್ತು. ಕೇಳಲಿಲ್ಲ. ಹದಿನೈದು ದಿನ ಕಾದ ಮಳಿಗೆಯವನು ಟೈರು ಮಾರುವವನೊಬ್ಬನಿಗೆ ಅದನ್ನು ಕೊಟ್ಟುಬಿಟ್ಟ. ಮುಂಗಡ ಚೂರುಚೂರಾಗಿ ವಾಪಸು ಬಂದು ಮನೆಖರ್ಚಿನಲ್ಲಿ ಕರಗಿತು.

ಆ ವರ್ಷ ಬಕ್ರೀದಿಗೆ ನಿಯಾಜ್ ರೈಟರನ್ನು ಮನೆಗೆ ಕರೆದ. ಅವರಿಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ ಶಾವಿಗೆ ಪಾಯಸ ತಂದಿಟ್ಟ ಮಹಮೂದಾಳನ್ನು ತೋರಿಸಿ ನಿಯಾಜ್ ಅಂದ: "ನೋಡಿ ರೈಟ್ರೇ, ನನ್ ಗ್ಯಾರೇಜು ಮಗಳ ಕಿವೀಲಿ ನೇತಾಡ್ತಾ ಇದೆ. ಎರಡು ಸಾವಿರ ಉಳ್ಸಿದ್ರೆ ನಾನಿವತ್ತು ಓನರ್."

ಬಂದಿದ್ದ ನೆಂಟರು ನಕ್ಕರು. ಮಹಮೂದಾ ತಲೆ ಎತ್ತದೆ, "ಇನ್ನೊಂದು ಸೌಟು ಹಾಕ್ಲಾ ಅಣ್ಣ?" ಎಂದಳು. ಮಲ್ಲಿಕಾರ್ಜುನಪ್ಪ ಹಾಕಿಸಿಕೊಂಡು ತಿಂದರು.

ಆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಯಂತ್ರ ಕೆಟ್ಟರೆ, ಸಂಬಳ ಸಾಲದಿದ್ದರೆ, ಮಳೆಗೆ ಸೂರು ಸೋರಿದರೆ ನಿಯಾಜ್ ಓಲೆಯ ಮಾತು ತೆಗೆಯುತ್ತಿದ್ದ. ಮೊದಮೊದಲು ತಮಾಷೆಗೆ, ಆಮೇಲೆ ಹಾಗಲ್ಲ. ಒಂದು ದಿನ ಮಹಮೂದಾ ಮಗಳ ಕಿವಿಯಿಂದ ಓಲೆ ಬಿಚ್ಚಿ ಮಾರಿ ದುಡ್ಡು ತಂದು ಅವನ ಮುಂದಿಟ್ಟಳಂತೆ. ಆಫೀಸಿನಲ್ಲಿ ನಿಯಾಜನೇ ಇದನ್ನು ಹೇಳಿದ. ಮಲ್ಲಿಕಾರ್ಜುನಪ್ಪ ಲೆಡ್ಜರಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ. ಕಾಯಿಲೆಯಾದ ಆಳುಗಳನ್ನು ಜೀಪಿನಲ್ಲಿ ಕಳಸದ ಆಸ್ಪತ್ರೆಗೆ ಕರೆದೊಯ್ದು ರಾತ್ರಿಯೆಲ್ಲ ಕೂತವರು. ಈ ಒಂದು ಮಾತು ಮಾತ್ರ ಅವರ ನಾಲಗೆಗೆ ಬರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಅವರ ಪತ್ರದ ಅವಧಿ ಮುಗಿದು, ದುಡ್ಡು ದುಪ್ಪಟ್ಟಾಗಿ ಕೈಗೆ ಬಂತು. ಮೂಡಿಗೆರೆಯ ಪೋಸ್ಟಾಫೀಸಿನಿಂದ ಮನೆಗೆ ಹೋಗದೆ, ಬಾಳೂರಿನ ಬಸ್ಸು ಹಿಡಿದು ನೇರ ನಿಯಾಜನ ಮನೆಗೆ ಹೋದರು. ಜಗಲಿಯ ಮೇಲೆ ಕೂತು, ನೀರೂ ಕುಡಿಯದೆ ಎಲ್ಲ ಹೇಳಿದರು. ನವೆಂಬರಿನಲ್ಲೇ ಗೊತ್ತಿತ್ತು ಎಂದರು. ಮಾರ್ಚಲ್ಲೇ ಹಿಡಿಯುವ ರೂಲು ಯಾವುದೂ ಇಲ್ಲ ಎಂದರು. ತಮ್ಮದನ್ನು ಮಾತ್ರ ಉಳಿಸಿಕೊಂಡದ್ದನ್ನೂ ಬಿಡಲಿಲ್ಲ.

ನಿಯಾಜ್ ಬೈಯುತ್ತಾನೆ ಎಂದು ಇವರು ಕಾದರು.

"ಮಹಮೂದಾ, ಇಲ್ಲಿ ಬಾ" ಎಂದು ಅವನು ಒಳಗೆ ಕೂಗಿದ. ಅವಳು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. "ಈಗ ನಂಗೆ ಹೇಳಿದ್ದನ್ನ ಇವಳಿಗೆ ಹೇಳಿ ರೈಟ್ರೇ. ಒಂದೂ ಬಿಡ್ದೆ."

ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಮಹಮೂದಾ ಕೊನೆಯವರೆಗೂ ನಿಂತು ಕೇಳಿ ಒಳಗೆ ಹೋದಳು.

"ನೀವು ಕೂತಿರಿ" ಎಂದು ನಿಯಾಜ್ ಎದ್ದ. "ನಿಮ್ ಹತ್ರ ಮಾತು ಆಮೇಲೆ. ಮೊದ್ಲು ಓಲೆ ವಿಷಯ ಅವಳ ಹತ್ರ ಮಾತಾಡ್ಬೇಕು."

ಮಲ್ಲಿಕಾರ್ಜುನಪ್ಪ ಜಗಲಿಯಲ್ಲೇ ಕೂತರು. ಒಳಗೆ ನಿಯಾಜನ ದನಿ ತಗ್ಗಿ ಏನನ್ನೋ ಕೇಳುತ್ತಿತ್ತು, ನಿಂತು ಮತ್ತೆ ಕೇಳುತ್ತಿತ್ತು. ಅವಳ ಉತ್ತರ ಕೇಳಿಸಲಿಲ್ಲ. ಅವರು ಮನೆಗೆ ಹಿಡಿಯಬೇಕಿದ್ದ ಬಸ್ಸು ಬಂದು ಹೋಯಿತು. ಅವರು ಏಳಲಿಲ್ಲ.